ಇಗತಪುರಿಯ ಕೂಲಿಯೂ ಕಾನೂನಿನ ಗಡುವೂ

1865ರಲ್ಲಿ ಥಳಘಾಟಿನ ರೈಲುಮಾರ್ಗವು ತೆರೆದ ಮೇಲೆ ಇಗತಪುರಿಯು ರೈಲ್ವೆ ಕೆಲಸಗಾರರ ಊರಾಗಿ ಬೆಳೆಯಿತೆಂಬುದನ್ನು ವಾಚಕರು ಬಲ್ಲರು. ಸಂಬಳದಲ್ಲಿ ಅನ್ಯಾಯವಾಗಿ ಮುರಿದುಕೊಂಡ ಹಣವನ್ನು ಮರಳಿ ಕೇಳುವ ಹಕ್ಕನ್ನು ಇಂಥವರಿಗೆ ಕೊಟ್ಟುದು 1936ರ ವೇತನ ಪಾವತಿ ಕಾಯಿದೆ. ತಿಂಗಳಿಗೆ 200 ರೂಪಾಯಿಗಿಂತ ಕಡಿಮೆ ಸಂಬಳದವರಿಗೆ ಅದು ಅನ್ವಯಿಸುತ್ತಿತ್ತು. ರೈಲ್ವೆ ಗುತ್ತಿಗೆದಾರರ ಕೂಲಿಗಳೂ ಅದರೊಳಗೆ ಬಂದರು. ಆದರೆ ಅರ್ಜಿಗೆ ಆರು ತಿಂಗಳ ಗಡುವು! ಓದುಬರಹವಿಲ್ಲದೆ ಪರಸ್ಥಳಕ್ಕೆ ಬಂದ ಕೂಲಿಗೆ ತನ್ನ ಹಕ್ಕಿನ ಸುದ್ದಿ ತಿಳಿಯುವಷ್ಟರಲ್ಲಿಯೇ ಅದು ಮುಗಿದುಹೋಗಬಹುದಾಗಿತ್ತು. ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸಬಹುದಾಗಿತ್ತು. ಆದರೆ ಆ ಕಾರಣವನ್ನು ಮನಗಾಣಿಸುವ ಹೊಣೆ ಅವನದೇ. 1964ರ ತಿದ್ದುಪಡಿಯಿಂದ ಗಡುವು ಹನ್ನೆರಡು ತಿಂಗಳಾಯಿತು. 2019ರ ವೇತನ ಸಂಹಿತೆಯಲ್ಲಿ ಮೂರು ವರ್ಷವಾಗಿದೆ. ಹಕ್ಕನ್ನು ಕೊಟ್ಟ ಕಾನೂನು ಅದನ್ನು ಕೇಳಲು ಸಾಕಷ್ಟು ಕಾಲವನ್ನು ಕೊಡಲು ಎಂಬತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಹೊರನಾಡಿನಲ್ಲಿ ದುಡಿಯುವ ಕನ್ನಡಿಗರೂ ಈ ಲೆಕ್ಕವನ್ನು ಅರಿತಿರಬೇಕು.