ಬೋರಿನಿಂದ ಬೆಲ್ಟಿಗೆ: ಹಳೆ ಕಾರಿನ ದೊಡ್ಡ ಕೆಲಸದ ಚರಿತ್ರೆ

ಹೆಚ್ಚು ಓಡಿದ ಕಾರಿಗೆ ದೊಡ್ಡ ಕೆಲಸ ಎಂದರೆ ಭಾರತದಲ್ಲಿ 1990ರ ದಶಕದವರೆಗೂ ಎಂಜಿನ್ ಇಳಿಸಿ ಬೋರ್ ಮಾಡಿಸುವುದೇ, ಅಂದರೆ ಸವೆದ ಸಿಲಿಂಡರನ್ನು ಮತ್ತೆ ಕೊರೆಸುವುದೇ ಆಗಿತ್ತು. ಮಿಕ್ಕಿದ್ದೆಲ್ಲ ಸಣ್ಣಪುಟ್ಟ ಕೆಲಸ. ಇಂದಿನ ಸರ್ವಿಸ್ ಸೆಂಟರಿನ ಪಟ್ಟಿಯಲ್ಲಿ ಆ ಕೆಲಸದ ಹೆಸರೇ ಇಲ್ಲ. ಅರವತ್ತು ವರ್ಷಗಳಲ್ಲಿ ದೊಡ್ಡ ಖರ್ಚು ಎಂಜಿನ್ನಿನ ಒಳಗಿನಿಂದ ಹೊರಗೆ ಬಂದಿತು. ಅದು ಯಾವಾಗ ಬರುತ್ತದೆಂದು ಮೊದಲೇ ಲೆಕ್ಕ ಹಾಕುವುದೂ ಸಾಧ್ಯವಾಯಿತು.

1950ರ ದಶಕದ ಕೊನೆಯಿಂದ 1980ರ ದಶಕದ ಆರಂಭದವರೆಗೆ ದೇಶದ ರಸ್ತೆಗಳಲ್ಲಿ ಓಡಿದ್ದು ಮುಖ್ಯವಾಗಿ ಎರಡು ಕಾರು. ಒಂದು, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ಥಾನ್ ಮೋಟಾರ್ಸ್ 1957ರಿಂದ ತಯಾರಿಸಿದ ಅಂಬಾಸಿಡರ್. ಇನ್ನೊಂದು, ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದ ಫಿಯೆಟ್ 1100. ಇದೇ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿಯಾಯಿತು. ಎರಡರ ಮೂಲವೂ 1950ರ ದಶಕದ ಯುರೋಪಿನ ವಿನ್ಯಾಸ. ಹೊಸ ಕಾರು ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕಿತ್ತು, ಆಮದು ಸುಂಕ ಕೈಗೆಟುಕುವಂಥದ್ದಲ್ಲ. ಹೀಗಾಗಿ ಇರುವ ಕಾರನ್ನೇ ಎರಡು ಮೂರು ಸಲ ಬೋರ್ ಮಾಡಿಸಿ ಇಪ್ಪತ್ತು ಮೂವತ್ತು ವರ್ಷ ಓಡಿಸುವುದು ರೂಢಿಯಾಯಿತು. ಇದನ್ನು ಭಾರತೀಯರ ಜಿಪುಣತನ ಎನ್ನುವವರಿದ್ದಾರೆ. ಬದಲಿ ಕಾರು ಸಿಗದ ಕಡೆ ಜಿಪುಣತನದ ಪ್ರಶ್ನೆ ಏಳುವುದಿಲ್ಲ.

ಅಂಬಾಸಿಡರಿನ 1489 ಸಿಸಿ ಎಂಜಿನ್ನಿನ ಸಿಲಿಂಡರಿನ ಅಗಲ 73 ಮಿಲಿಮೀಟರ್, ಪಿಸ್ಟನ್ ಓಡಾಡುವ ದೂರ ಸುಮಾರು 89 ಮಿಲಿಮೀಟರ್. ಇಷ್ಟು ಉದ್ದದ ಓಡಾಟದಲ್ಲಿ ರಿಂಗುಗಳ ತಿಕ್ಕಾಟವೂ ಹೆಚ್ಚು. ಅದಕ್ಕೆ ಮಣ್ಣುರಸ್ತೆಯ ಧೂಳು, ಇಂದಿನಷ್ಟು ಬಿಗಿಯಿಲ್ಲದ ಏರ್ ಫಿಲ್ಟರ್, ಚಳಿಗೆ ಗಟ್ಟಿಯಾಗಿ ಬಿಸಿಗೆ ನೀರಾಗುವ ಒಂದೇ ದರ್ಜೆಯ ಎಣ್ಣೆ, ಚೋಕ್ ಎಳೆದಾಗ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದುಬಿಡುವ ಪೆಟ್ರೋಲು ಸೇರಿದರೆ ಗೋಡೆ ಸವೆಯದೆ ಇರುತ್ತಿರಲಿಲ್ಲ. ಸೈಲೆನ್ಸರಿನಿಂದ ನೀಲಿ ಹೊಗೆ, ಪದೇ ಪದೇ ಎಣ್ಣೆ ಇಳಿಯುವುದು, ಏರಿನಲ್ಲಿ ಎಳೆಯದಿರುವುದು ಎಂಜಿನ್ ಬೋರಿಗೆ ಬಂತು ಎನ್ನುವುದಕ್ಕೆ ಗುರುತು.

ಹೆಡ್ ಬಿಚ್ಚಿದ ಮೇಸ್ತ್ರಿ ಮೊದಲು ಮಾಡುತ್ತಿದ್ದುದು ಸಿಲಿಂಡರಿನ ಬಾಯಿಯ ಒಳಗೆ ಉಗುರು ಎಳೆದು ನೋಡುವುದು. ಮೇಲಿನ ರಿಂಗು ಮುಟ್ಟದ ಜಾಗ ಸವೆಯದೆ ಉಳಿದು ಸಣ್ಣ ಅಂಚು ಕಟ್ಟಿರುತ್ತದೆ. ಉಗುರು ಅಲ್ಲಿ ತಟ್ಟಿ ನಿಂತರೆ ಬರೀ ರಿಂಗು ಹಾಕಿ ಪ್ರಯೋಜನವಿಲ್ಲ, ಬ್ಲಾಕು ಲೇತಿಗೆ ಹೋಗಬೇಕು. ಲೇತ್ ಅಂಗಡಿಯಲ್ಲಿ ನಾಲ್ಕೂ ಸಿಲಿಂಡರ್‌ಗಳನ್ನು ಒಂದೇ ಅಳತೆಗೆ ಕೊರೆದು, ಆ ಅಳತೆಯ ದಪ್ಪ ಪಿಸ್ಟನ್ ಹಾಕುತ್ತಿದ್ದರು. ಅಳತೆ ಏರುತ್ತಿದ್ದುದು ಇಂಚಿನ ಸಾವಿರ ಭಾಗಗಳಲ್ಲಿ ಹತ್ತು ಹತ್ತರ ಮೆಟ್ಟಿಲುಗಳಲ್ಲಿ: ಹತ್ತು, ಇಪ್ಪತ್ತು, ಮೂವತ್ತು, ನಲವತ್ತು. ನಲವತ್ತು ಎಂದರೆ ಒಂದು ಮಿಲಿಮೀಟರಿಗೆ ತುಸು ಮೇಲೆ. ಅದರಾಚೆ ಕೊರೆದರೆ ಗೋಡೆ ತೆಳುವಾಗುವುದರಿಂದ ಒಳಗೆ ಕೊಳವೆಯಂಥ ಸ್ಲೀವ್ ಬಡಿದು ಮತ್ತೆ ಮೊದಲಿನ ಅಳತೆಯ ಪಿಸ್ಟನ್ನಿಗೆ ಮರಳುತ್ತಿದ್ದರು. ಕ್ರ್ಯಾಂಕ್ ಶಾಫ್ಟಿನದು ಇದರ ತಿರುವುಮುರುವು: ಅದನ್ನು ಉಜ್ಜಿ ಸಣ್ಣದು ಮಾಡಿ ದಪ್ಪ ಬೇರಿಂಗ್ ಕೂರಿಸಬೇಕು. ಹಳೆಯ ಎಂಜಿನ್ನುಗಳ ದಪ್ಪ ಎರಕ ಇಂಥ ಮರುಜನ್ಮಗಳಿಗೆ ಅವಕಾಶ ಕೊಡುತ್ತಿತ್ತು ಎಂಬುದು ಗಮನಿಸಬೇಕಾದ ಸಂಗತಿ.

ಜೋಡಿಸಿದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ಹೊಸ ರಿಂಗು ಗೋಡೆಗೆ ಹೊಂದಿಕೊಳ್ಳುವವರೆಗೆ ಕಾರನ್ನು ನಿಧಾನವಾಗಿ ಓಡಿಸಬೇಕು. ಹಿಂದಿನ ಗಾಜಿಗೆ ‘ರನ್ನಿಂಗ್ ಇನ್’ ಎಂಬ ಚೀಟಿ ಅಂಟಿಸಿ, ಲಾರಿಗಳಿಗೂ ದಾರಿ ಬಿಡುತ್ತ ಸಾಗುವ ಅಂಬಾಸಿಡರ್ ಒಂದು ಕಾಲಕ್ಕೆ ಎಲ್ಲ ಊರಲ್ಲೂ ಕಾಣುತ್ತಿತ್ತು.

ಬೋರಿಗಿಂತ ಕೆಳಗಿನ ಮೆಟ್ಟಿಲು ಡಿಕಾರ್ಬನೈಸಿಂಗ್. ಹೆಡ್ ಬಿಚ್ಚಿ, ಪಿಸ್ಟನ್ ತಲೆಯ ಮೇಲೆ ಕಟ್ಟಿದ ಕಪ್ಪು ಇದ್ದಿಲನ್ನು ಕೆರೆದು, ವಾಲ್ವುಗಳಿಗೆ ಪೇಸ್ಟ್ ಹಚ್ಚಿ ಸೀಟಿನ ಮೇಲೆ ತಿಕ್ಕಿ ಕೂರಿಸುವ ಕೆಲಸವದು. ಆಗಿನ ಪೆಟ್ರೋಲಿನಲ್ಲಿದ್ದ ಸೀಸ ಎರಡು ಬಗೆಯಲ್ಲಿ ವರ್ತಿಸುತ್ತಿತ್ತು: ಪ್ಲಗ್ಗಿಗೆ ಮೆತ್ತಿಕೊಂಡು ಕಾಟ ಕೊಡುತ್ತಿತ್ತು, ಆದರೆ ವಾಲ್ವ್ ಸೀಟು ಸವೆಯದಂತೆ ಕಾಯುತ್ತಿತ್ತು. ಪ್ಲಗ್ಗು ಬಹುಪಾಲು ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯದು. 1951ರಲ್ಲಿ ಸ್ಥಾಪನೆಯಾದ ಆ ಕಂಪನಿಯ ಡೀಸೆಲ್ ಪಂಪು ದೇಶದ ಬಹುಪಾಲು ಲಾರಿ ಬಸ್ಸುಗಳಲ್ಲಿ ಇತ್ತು. ಯಲಹಂಕದ ಗೊಯೆಟ್ಜೆ ಕಾರ್ಖಾನೆಯಿಂದ ಪಿಸ್ಟನ್, ರಿಂಗುಗಳು ಬರುತ್ತಿದ್ದವು. ಬೆಂಗಳೂರಿನಲ್ಲಿ ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಅಲ್ಲಿ ದುಬಾರಿ ಅನ್ನಿಸಿದರೆ ಶಿವಾಜಿನಗರದ ಗುಜರಿ.

ಇವೆಲ್ಲ ಕಾರು ಕೆಟ್ಟ ಮೇಲೆ ಮಾಡಿಸುವ ಕೆಲಸ. ಇಷ್ಟು ಮೈಲಿಗೆ ಗ್ರೀಸ್ ಹೊಡೆಸಬೇಕು, ಇಷ್ಟಕ್ಕೆ ಎಣ್ಣೆ ಬದಲಿಸಬೇಕು ಎಂದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆದಿರುತ್ತಿತ್ತು ನಿಜ. ಆದರೆ ದೊಡ್ಡ ಕೆಲಸದ ದಿನ ಗೊತ್ತುಮಾಡುತ್ತಿದ್ದುದು ಪುಸ್ತಕವಲ್ಲ, ಮೇಸ್ತ್ರಿಯ ಕಿವಿ. ಮೈಲಿ ಮೀಟರನ್ನು ನಂಬುವಂತೆಯೂ ಇರಲಿಲ್ಲ: ಐದೇ ಅಂಕಿಯ ಆ ಮೀಟರು 99,999 ದಾಟಿದೊಡನೆ ಸೊನ್ನೆಗೆ ಮರಳುತ್ತಿತ್ತು. ಹಳೆ ಕಾರು ಕೊಳ್ಳುವವನು ಮೀಟರಿಗಿಂತ ಕ್ಲಚ್ ಪೆಡಲಿನ ಸವೆದ ರಬ್ಬರನ್ನೇ ಹೆಚ್ಚು ನಂಬಿದ್ದರಲ್ಲಿ ಅರ್ಥವಿದೆ.

ಲೆಕ್ಕವಿಟ್ಟು ರಿಪೇರಿ ಮಾಡುವ ಪದ್ಧತಿ ಸ್ವಂತ ಕಾರಿಗಿಂತ ಮೊದಲು ಬಂದದ್ದು ಬಾಡಿಗೆ ವಾಹನಕ್ಕೆ. 1939ರ ಮೋಟಾರು ವಾಹನ ಕಾಯಿದೆ ಬಸ್ಸು, ಲಾರಿ, ಟ್ಯಾಕ್ಸಿಗಳಿಗೆ ಫಿಟ್‌ನೆಸ್ ಸರ್ಟಿಫಿಕೇಟ್ (ಎಫ್‌ಸಿ) ಕಡ್ಡಾಯ ಮಾಡಿತು. ಬ್ರೇಕ್ ಲೈನರ್, ಸ್ಟೇರಿಂಗಿನ ಆಟ, ಕಿಂಗ್‌ಪಿನ್, ಪಟ್ಟೆ, ಪೇಂಟು ಎಲ್ಲವನ್ನೂ ‘ಎಫ್‌ಸಿಗೆ ಮುಂಚೆ’ ಒಟ್ಟಿಗೆ ಮಾಡಿಸುವ ರೂಢಿ ಅಲ್ಲಿಂದ ಬೆಳೆಯಿತು. ಇನ್ನೂ ಶಿಸ್ತಾಗಿ ನಡೆದದ್ದು ಸರ್ಕಾರಿ ಬಸ್ ಡಿಪೋಗಳಲ್ಲಿ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರಲ್ಲಿ 120 ಬಸ್ಸುಗಳೊಂದಿಗೆ ಶುರುವಾಗಿ 1961ರಲ್ಲಿ ನಿಗಮವಾಯಿತು. ಇಂಥ ಡಿಪೋಗಳಲ್ಲಿ ದಿನದ ತಪಾಸಣೆ, ವಾರದ ತಪಾಸಣೆ, ಇಂತಿಷ್ಟು ಕಿಲೋಮೀಟರಿಗೆ ‘ಡಾಕಿಂಗ್’ ಎಂಬ ಕ್ರಮವಿತ್ತು. ಬಸ್ಸು ಚೆನ್ನಾಗಿಯೇ ಓಡುತ್ತಿದ್ದರೂ ಸರದಿ ಬಂದಾಗ ತಪಾಸಣೆಯ ಗುಂಡಿಯ ಮೇಲೆ ನಿಲ್ಲಲೇಬೇಕು. ಕೆಡುವ ಮೊದಲೇ ಬಿಚ್ಚಿ ನೋಡುವ ಈ ಕ್ರಮ ಖಾಸಗಿ ಕಾರಿನವರ ತನಕ ತಲುಪಲು ಬಹಳ ವರ್ಷ ಬೇಕಾಯಿತು.

ತಲುಪಿಸಿದ್ದು ಮಾರುತಿ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ, 796 ಸಿಸಿಯ ಮೂರು ಸಿಲಿಂಡರಿನ ಆ ಕಾರಿನ ಜೊತೆಗೆ ಪುಕ್ಕಟೆ ಸರ್ವಿಸ್ ಕೂಪನ್ನು, ಕಿಲೋಮೀಟರಿನ ಪಟ್ಟಿ, ಕಂಪನಿಯ ಸರ್ವಿಸ್ ಸ್ಟೇಷನ್ ಬಂದವು. ಪಟ್ಟಿ ಹೇಳಿದ್ದನ್ನು ಮಾಡಿಸಿದ ಕಾರು ಒಂದು ಲಕ್ಷ ಕಿಲೋಮೀಟರ್ ಎಂಜಿನ್ ಬಿಚ್ಚದೆ ಓಡಿದ್ದನ್ನು ಕಂಡ ಮೇಲೆ, ಸರ್ವಿಸ್ ಎಂದರೆ ಬರೀ ನೀರು ಹೊಡೆದು ತೊಳೆಯುವುದು ಎಂಬ ಭಾವನೆ ಮೆಲ್ಲಗೆ ಬದಲಾಯಿತು.

ಜೊತೆಗೆ ಹೊಸದೊಂದು ಖರ್ಚೂ ಬಂತು. ಅಂಬಾಸಿಡರ್, ಫಿಯೆಟ್‌ಗಳಲ್ಲಿ ಕ್ಯಾಮ್ ಶಾಫ್ಟನ್ನು ತಿರುಗಿಸುತ್ತಿದ್ದುದು ಕಬ್ಬಿಣದ ಚೈನು. ಸವೆದರೆ ಅದು ಗಲಗಲ ಸದ್ದು ಮಾಡಿ ತಿಳಿಸುತ್ತಿತ್ತು. ಮಾರುತಿಯಲ್ಲಿದ್ದುದು ಹಲ್ಲಿರುವ ರಬ್ಬರ್ ಬೆಲ್ಟು. ದೊಡ್ಡ ಪ್ರಮಾಣದಲ್ಲಿ ತಯಾರಾದ ಕಾರುಗಳಲ್ಲಿ ಇದನ್ನು ಮೊದಲು ಬಳಸಿದ್ದು ಜರ್ಮನಿಯ ಗ್ಲಾಸ್ ಕಂಪನಿ, 1960ರ ದಶಕದ ಆರಂಭದಲ್ಲಿ. ಹಗುರ, ಅಗ್ಗ, ಸದ್ದಿಲ್ಲ. ಸದ್ದಿಲ್ಲದಿರುವುದೇ ಅದರ ತೊಂದರೆ ಕೂಡ: ಮುನ್ಸೂಚನೆಯಿಲ್ಲದೆ ಹರಿಯುತ್ತದೆ, ಅನೇಕ ಎಂಜಿನ್ನುಗಳಲ್ಲಿ ಆಗ ಪಿಸ್ಟನ್ನು ವಾಲ್ವಿಗೆ ಬಡಿದು ವಾಲ್ವು ಬಾಗುತ್ತದೆ. ಮೇಸ್ತ್ರಿಯ ಕಿವಿ ಇಲ್ಲಿ ಕೆಲಸಕ್ಕೆ ಬಾರದು, ಕಿಲೋಮೀಟರಿನ ಲೆಕ್ಕವೊಂದೇ ಗತಿ. ಬೆಲ್ಟಿನ ಜೊತೆಗೇ ಟೆನ್ಷನರ್, ಕೆಲವು ಎಂಜಿನ್ನುಗಳಲ್ಲಿ ಅದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪನ್ನೂ ಬದಲಿಸುವುದು ವಾಡಿಕೆಯಾಯಿತು. ಒಂದೇ ಬಿಚ್ಚುವ ಕೂಲಿಯಲ್ಲಿ ಮೂರು ಕೆಲಸ.

1995ರ ಏಪ್ರಿಲಿನಲ್ಲಿ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು, 2000ದಲ್ಲಿ ದೇಶವಿಡೀ ಸೀಸವಿಲ್ಲದ ಪೆಟ್ರೋಲು. ಕಾರ್ಬ್ಯುರೇಟರಿನ ಜಾಗಕ್ಕೆ ಇಂಜೆಕ್ಷನ್ ಬಂದ ಮೇಲೆ ಪೆಟ್ರೋಲು ಅಳೆದು ಸಿಂಪಡಣೆಯಾಗಿ ಸಿಲಿಂಡರ್ ಗೋಡೆ ತೊಳೆಯುವುದು ಬಹಳ ಕಡಿಮೆಯಾಯಿತು, ಎಲ್ಲ ಹವೆಗೂ ಒಗ್ಗುವ ಮಲ್ಟಿಗ್ರೇಡ್ ಎಣ್ಣೆ ಸಾಮಾನ್ಯವಾಯಿತು. ಬೋರಿನ ಕೆಲಸ ಅಪರೂಪವಾಗಲು ಇವೇ ಮುಖ್ಯ ಕಾರಣ. ತೆಳು ಗೋಡೆಯ ಅಲ್ಯೂಮಿನಿಯಂ ಬ್ಲಾಕುಗಳಲ್ಲಿ ಹಲವನ್ನು ಕೊರೆಯುವಂತೆಯೂ ಇಲ್ಲ. ಎಂಜಿನ್ ನಿಜಕ್ಕೂ ಹೋದರೆ ಅರ್ಧ ಎಂಜಿನ್ನೇ ಹೊಸದು ಹಾಕುತ್ತಾರೆ. ಲಕ್ಷ ದಾಟಿದ ಕಾರಿಗೆ ಈಗ ಬರುವ ದೊಡ್ಡ ಬಿಲ್ಲು ಕ್ಲಚ್ಚು, ಸಸ್ಪೆನ್ಷನ್ನಿನ ಬುಷ್ ಮತ್ತು ಲಿಂಕುಗಳು, ಗೇರ್‌ಬಾಕ್ಸ್ ಎಣ್ಣೆ, ಕೂಲೆಂಟ್, ಡೀಸೆಲ್ ಆದರೆ ಇಂಜೆಕ್ಟರ್ ಮತ್ತು ಟರ್ಬೊಗಳದು.

ಇವುಗಳಿಗೆ ಹಣ ಹಾಕಬೇಕೇ ಎಂಬುದನ್ನು ಈಗ ಕಾಯಿದೆಯೂ ನಿರ್ಧರಿಸುತ್ತದೆ. 1988ರ ಮೋಟಾರು ವಾಹನ ಕಾಯಿದೆಯಂತೆ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲಿನಿಂದ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಆದ್ದರಿಂದ ಹದಿಮೂರು ಹದಿನಾಲ್ಕು ವರ್ಷದ ಕಾರಿಗೆ ಕ್ಲಚ್ಚು, ಟೈರು, ಸಸ್ಪೆನ್ಷನ್ ಒಟ್ಟಿಗೆ ಬಂದಾಗ ಮಾಲೀಕರು ಮೊದಲು ತೆಗೆದು ನೋಡುವುದು ನೋಂದಣಿ ಪತ್ರದ (ಆರ್‌ಸಿ) ತಾರೀಖು. ನವೀಕರಣ ಮಾಡಿಸುವುದು ಖಚಿತವಿದ್ದರೆ ತಪಾಸಣೆಗೆ ಮುಂಚೆ ಎಲ್ಲ ಕೆಲಸ ಒಟ್ಟಿಗೆ ಮಾಡಿಸುತ್ತಾರೆ, ಇಲ್ಲವಾದರೆ ಬ್ರೇಕು ಟೈರುಗಳಷ್ಟನ್ನು ಸರಿಮಾಡಿಸಿ ಕಾರು ಮಾರುತ್ತಾರೆ.