ಬಾಯಿ ಮುಚ್ಚಿದ ವಂಶವಾಹಿ



ನಮ್ಮ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಕಾರ್ಯಕರ್ತರು ಹಳ್ಳಿಹಳ್ಳಿ ತಿರುಗಿ ಲೆಕ್ಕ ಬರೆದರು. ದೊಡ್ಡ ಕರುಳಿನ ಕ್ಯಾನ್ಸರ್ ಬಲು ವಿರಳವೆಂದು ಕಂಡಿತು. ಬಂದವರಿಗೆ ಅದೇನು ಸಮಾಧಾನ!

ಈ ಬೇನೆ ಹುಟ್ಟುವ ಬಗೆಯೊಂದು 1990ರ ದಶಕದಲ್ಲಿ ಬಯಲಾಯಿತು. ಜೀವಕೋಶ ಎರಡಾಗುವಾಗ ವಂಶವಾಹಿಗಳ ನಕಲಾಗುತ್ತದೆ. ನಕಲಿನ ತಪ್ಪು ತಿದ್ದುವುದರಲ್ಲಿ ಎಂಎಲ್‌ಎಚ್-1 ಎಂಬ ವಂಶವಾಹಿಗೆ ಪಾಲುಂಟು. ಕೆಲವು ರೋಗಿಗಳಲ್ಲಿ ಅದು ಕೆಟ್ಟಿರುವುದಿಲ್ಲ. ಲೆಡ್ಜರಿನ ಬರಹದ ಮೇಲೆ ಚೀಟಿ ಅಂಟಿಸಿದಂತೆ, ಮಿಥೈಲ್ ಎಂಬ ರಾಸಾಯನಿಕ ಅಂಟಿಕೊಂಡು ಓದಗೊಡುವುದಿಲ್ಲ. ತಪ್ಪುಗಳು ಒಟ್ಟುಗೂಡುತ್ತವೆ. 1998ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಯೋಗಶಾಲೆಯ ಕೋಶಗಳಿಗೆ ಮದ್ದು ಹಾಕಿ ಚೀಟಿ ಕಳಚಿದರು. ವಂಶವಾಹಿ ಮತ್ತೆ ಕೆಲಸಕ್ಕೆ ಹತ್ತಿತು.

ಆ ಮನೆತನದಲ್ಲಿ ಬೇನೆಯಿದೆ ಎಂದು ಬೀಗತನ ಬಿಡುವವರು ನಮ್ಮಲ್ಲುಂಟು. ಬರಹವೇ ಕೆಟ್ಟಿದ್ದರೆ ಮಕ್ಕಳಿಗೂ ಬರಬಹುದು, ನಿಜ. ಚೀಟಿ ಮಾತ್ರ ಸಾಮಾನ್ಯವಾಗಿ ರೋಗಿಯ ದೇಹದಲ್ಲೇ ಉಳಿಯುತ್ತದೆ.