ಹೆಸರು ಬರೆಯುವ ಮುನ್ನ ನೆರೆಯವರ ಸಾಕ್ಷಿ

ಹೊಸದಾಗಿ ಕ್ರೈಸ್ತ ಸಭೆಗೆ ಬಂದವರು ದೀಕ್ಷಾಸ್ನಾನಕ್ಕೆ ಸಿದ್ಧರೆಂದು ಆರಂಭದ ಶತಮಾನಗಳಲ್ಲಿ ತೀರ್ಮಾನಿಸುತ್ತಿದ್ದವರು ಯಾರು? ಈ ಪ್ರಶ್ನೆ ಹಿಡಿದು ಹೊರಟಾಗ ನನಗೆ ಮೊದಲು ಎದುರಾದದ್ದು ‘ಅಪೊಸ್ತಲರ ಸಂಪ್ರದಾಯ’ ಎಂಬ ಹಳೆಯ ನಿಯಮಾವಳಿ. ಮೂರು ವರ್ಷ ಉಪದೇಶ ಕೇಳಬೇಕು ಎನ್ನುತ್ತದೆ ಅದು. ಹಾಗೆಂದ ಬೆನ್ನಿಗೇ, ಶ್ರದ್ಧೆಯುಳ್ಳವರಿಗೆ ವರ್ಷದ ಲೆಕ್ಕ ಬೇಡ, ನಡತೆ ನೋಡಿದರೆ ಸಾಕೆಂದು ಪಟ್ಟು ಸಡಿಲಿಸುತ್ತದೆ. ಗ್ಲಾಡಿಯೇಟರ್, ವಿಗ್ರಹ ಮಾಡುವವನು ಕಸುಬು ಬಿಡಲೇಬೇಕು. ಮಕ್ಕಳಿಗೆ ಪಾಠ ಹೇಳುವವನು ಬೇರೆ ಕೆಲಸ ಬಾರದಿದ್ದರೆ ಅದರಲ್ಲೇ ಮುಂದುವರಿಯಬಹುದು. ಮೇಷ್ಟರ ಹೊಟ್ಟೆಪಾಡಿಗೆ ಆಗಲೂ ರಿಯಾಯಿತಿ ಇತ್ತು!

ಆದರೆ ಈ ದಾಖಲೆಯ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ. ಗ್ರೀಕ್ ಮೂಲ ಕಳೆದುಹೋಗಿದೆ. ಈ ಭಾಗ ಉಳಿದಿರುವುದು ಕಾಪ್ಟಿಕ್, ಅರಬ್ಬಿ, ಇಥಿಯೋಪಿಯದ ಅನುವಾದಗಳಲ್ಲಿ. ಬರೆದವನು ರೋಮಿನ ಹಿಪ್ಪೊಲಿಟಸ್ ಎಂಬ ಮಾತನ್ನೂ ಈಗ ಹಲವು ವಿದ್ವಾಂಸರು ಒಪ್ಪುವುದಿಲ್ಲ. ಸಾಲದ್ದಕ್ಕೆ, ನಿಯಮ ಇತ್ತೆಂದ ಮಾತ್ರಕ್ಕೆ ಜನ ಅದರಂತೆ ನಡೆದರೆನ್ನಲಾಗದು. ಕಣ್ಣಾರೆ ಕಂಡವರ ಮಾತು ಬೇಕು.

ಅದು ಸಿಕ್ಕಿದ್ದು ಒಬ್ಬ ಯಾತ್ರಿಕಳ ಬರಹದಲ್ಲಿ. 4ನೇ ಶತಮಾನದ ಕೊನೆಯ ಭಾಗದಲ್ಲಿ ಜೆರುಸಲೇಮಿಗೆ ಬಂದ ಎಗೇರಿಯಾ, ಕಂಡದ್ದನ್ನೆಲ್ಲ ತನ್ನೂರಿನ ಸೋದರಿಯರಿಗೆ ಬರೆದಳು. ಅದರ 11ನೇ ಶತಮಾನದ ಪ್ರತಿಯೊಂದು 1884ರಲ್ಲಿ ಇಟಲಿಯ ಅರೆಟ್ಸೊದಲ್ಲಿ ಗಮುರ‍್ರಿನಿ ಎಂಬ ವಿದ್ವಾಂಸರ ಕಣ್ಣಿಗೆ ಬಿತ್ತು. ಮೊದಲ ಹಾಳೆಗಳಿಲ್ಲ, ಕೊನೆಯವೂ ಇಲ್ಲ. ಪುಣ್ಯಕ್ಕೆ ನಮಗೆ ಬೇಕಾದ ಪುಟಗಳು ಉಳಿದಿವೆ.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಮೊದಲ ದಿನ. ದೊಡ್ಡ ಚರ್ಚಿನ ನಡುವೆ ಬಿಷಪ್ಪರ ಪೀಠ, ಅಕ್ಕಪಕ್ಕ ಗುರುಗಳು. ಗಂಡಸರು ಧರ್ಮಪಿತನೊಂದಿಗೆ, ಹೆಂಗಸರು ಧರ್ಮಮಾತೆಯೊಂದಿಗೆ ಒಬ್ಬೊಬ್ಬರಾಗಿ ಬರುತ್ತಾರೆ. ಬಿಷಪ್ಪರು ಪ್ರಶ್ನೆ ಕೇಳುವುದು ಬಂದವನನ್ನಲ್ಲ, ಅವನ ನೆರೆಹೊರೆಯವರನ್ನು. ಬದುಕು ನೆಟ್ಟಗಿದೆಯೇ? ಅಪ್ಪ-ಅಮ್ಮನಿಗೆ ಮರ್ಯಾದೆ ಕೊಡುತ್ತಾನೆಯೇ? ಕುಡುಕನೇ? ಸುಳ್ಳುಗಾರನೇ? ದೂರಿಲ್ಲವೆಂದರೆ ಬಿಷಪ್ಪರೇ ಕೈಯಾರೆ ಹೆಸರು ಬರೆದುಕೊಳ್ಳುತ್ತಾರೆ. ದೂರು ಬಂತೋ, ತಿದ್ದಿಕೊಂಡು ಬಾ ಎಂದು ಹೊರಗೆ ಕಳಿಸುತ್ತಾರೆ.

ನನಗೆ ಮುಖ್ಯವೆನಿಸಿದ್ದು ಇದರ ಅನುಕ್ರಮ. ಆದಿಕಾಂಡದಿಂದ ಹಿಡಿದು ಇಡೀ ಶಾಸ್ತ್ರವನ್ನು ದಿನಕ್ಕೆ ಮೂರು ಗಂಟೆಯಂತೆ ಬಿಷಪ್ಪರು ವಿವರಿಸುವುದು ಹೆಸರು ದಾಖಲಾದ ಮೇಲೆ. ವಿಶ್ವಾಸಪ್ರಮಾಣವನ್ನು ಕಲಿಸುವುದು ಐದು ವಾರ ಕಳೆದ ಮೇಲೆ, ಅದನ್ನು ಬಾಯಿಪಾಠ ಒಪ್ಪಿಸುವುದು ಇನ್ನೂ ಆಮೇಲೆ. ದಾಖಲಾತಿಯ ದಿನ ತೂಗಿದ್ದು ಶಾಸ್ತ್ರಜ್ಞಾನವನ್ನಲ್ಲ, ನಡತೆಯನ್ನು.

ಹೀಗಾಗಿ ಬರೆಯುವ ಕೈ ಬಿಷಪ್ಪರದಾದರೂ ತೀರ್ಪಿನ ಅರ್ಧ ಬೀದಿಯವರದು ಎಂದೇ ನಾನು ಓದಿಕೊಳ್ಳುತ್ತೇನೆ. ಈ ಪದ್ಧತಿಯ ಕಷ್ಟವನ್ನೂ ಎಗೇರಿಯಾ ಮುಚ್ಚಿಟ್ಟಿಲ್ಲ: ಗುರುತಿನವರ ಸಾಕ್ಷಿಯಿಲ್ಲದ ಪರಸ್ಥಳದವನಿಗೆ ದೀಕ್ಷಾಸ್ನಾನ ಅಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ.